‘ಒನ್ ಟು ಮೆನಿ’ ಮತ್ತು ‘ಫಾರಿನ್ ಕೀ’: ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ಜಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಲಕರಣೆ) ಹೇಳಿಕೊಡುತ್ತಿದ್ದೇನೆ. ಅವರಿಗಾಗಿ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತಿದ್ದೇನೆ. ಡೇಟಾಬೇಸ್‌ನ, ಅಂದರೆ ಮಾಹಿತಿ ಜೋಡಿಸಿಡುವ ಕಡೆಯ, ಟೇಬಲ್, ಸಾಲು, ಕಾಲಂ ಇವೆಲ್ಲ ತೊಂದರೆ ಕೊಡಲಿಲ್ಲ. ಎರಡು ಟೇಬಲ್ ಜೋಡಿಸುವ ಪಾಠಕ್ಕೆ ಬಂದಾಗ ಒಪ್ಪುವ ಮಾತು ಸಿಗುತ್ತಿಲ್ಲ. ತಲೆಬರಹದಲ್ಲಿರುವ ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಕಂಪ್ಯೂಟರ್ ಕಡೆಯವರಲ್ಲದವರೂ ಇಲ್ಲಿ ಇದ್ದೀರಿ, ಅದಕ್ಕೆ ವಿಷಯ ಮೊದಲು ಹೇಳಿಬಿಡುತ್ತೇನೆ. ಪಾಠಕ್ಕೆ ಹಳ್ಳಿಯ ಹಾಲಿನ ಡೈರಿಯನ್ನೇ ತೆಗೆದುಕೊಂಡಿದ್ದೇನೆ. ಈ ಮಕ್ಕಳಲ್ಲಿ ಬಹಳ ಜನರ ಮನೆಯಿಂದ ಎರಡು ಹೊತ್ತೂ ಡೈರಿಗೆ ಹಾಲು ಹೋಗುತ್ತದೆ. ಒಂದು ಟೇಬಲ್‌ನಲ್ಲಿ ಸಂಘದ ಸದಸ್ಯರು: ನಂಬರ್, ಹೆಸರು, ಬ್ಯಾಂಕ್ ಖಾತೆ. ಇನ್ನೊಂದರಲ್ಲಿ ದಿನದಿನದ ಹಾಲು: ತಾರೀಕು, ಬೆಳಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎಷ್ಟು. ಒಬ್ಬ ಸದಸ್ಯರ ಹೆಸರಿಗೆ ಹಾಲಿನ ಸಾಲು ನೂರಾರು. ಆದರೆ ಹಾಲಿನ ಒಂದು ಸಾಲು ಒಬ್ಬರದೇ. ಒನ್ ಟು ಮೆನಿ ಅಂದರೆ ಇಷ್ಟೇ.

ಹೊಸಬರು ಎಡವುವುದು ಎಲ್ಲಿ ಅಂದರೆ, ‘ಒಬ್ಬರಿಗೆ ಹಲವು’ ಅಂದ ಕೂಡಲೇ ಸದಸ್ಯರ ಟೇಬಲ್‌ಗೆ ಹೋಗಿ ಹಾಲು ಒಂದು, ಹಾಲು ಎರಡು ಅಂತ ಕಾಲಂ ಸೇರಿಸಲು ಹೊರಡುತ್ತಾರೆ. ನಂಟು ಇರಬೇಕಾದ್ದು ಆ ಕಡೆ ಅಲ್ಲ. ಡೈರಿಯ ರಿಜಿಸ್ಟರ್ ನೋಡಿ. ಹಾಲು ಅಳೆದು ಬರೆಯುವ ಪ್ರತಿ ಸಾಲಿನಲ್ಲೂ ಸದಸ್ಯರ ನಂಬರ್ ಇರುತ್ತದೆ. ಆ ನಂಬರೇ ಫಾರಿನ್ ಕೀ. ಜಾಂಗೋದಲ್ಲೂ ‘ಫಾರಿನ್‌ಕೀ’ ಅನ್ನುವುದನ್ನು ಹಾಲಿನ ಮಾಡೆಲ್‌ನಲ್ಲೇ (ಟೇಬಲ್ ಹೇಗಿರಬೇಕು ಅಂತ ಹೇಳುವ ಕೋಡ್) ಬರೆಯಬೇಕು. ಫೀಲ್ಡಿಗೆ ‘ಮೆಂಬರ್’ ಅಂತ ಹೆಸರಿಟ್ಟರೆ ಡೇಟಾಬೇಸ್‌ನಲ್ಲಿ ಅದರ ಬೆನ್ನಿಗೆ ‘ಐಡಿ’ ಸೇರಿದ ಕಾಲಂ ತಾನಾಗೇ ಹುಟ್ಟುತ್ತದೆ. ಸದಸ್ಯರ ಮಾಡೆಲ್‌ನಲ್ಲಿ ಒಂದಕ್ಷರವೂ ಬರೆಯಬೇಕಿಲ್ಲ. ರೈಲ್ಸ್ ಅನ್ನುವ ಇಂಥದೇ ಇನ್ನೊಂದು ಸಲಕರಣೆಯಲ್ಲಿ ಎರಡೂ ಕಡೆ ಬರೆಯುತ್ತಾರೆ, ಒಂದು ಕಡೆ ‘ಹ್ಯಾಸ್ ಮೆನಿ’, ಇನ್ನೊಂದು ಕಡೆ ‘ಬಿಲಾಂಗ್ಸ್ ಟು’. ಅಲ್ಲೂ ಕಾಲಂ ಕೂರುವುದು ‘ಬಿಲಾಂಗ್ಸ್ ಟು’ ಇರುವ ಕಡೆಯೇ. ಲಾರವೆಲ್ ಅನ್ನುವ ಮತ್ತೊಂದರಲ್ಲೂ ಹಾಗೇ.

ಅಂದರೆ ನನಗೆ ಬೇಕಾದ ಪದ ಈ ದಿಕ್ಕನ್ನು ತೋರಿಸಬೇಕು. ‘ಏಕ-ಬಹು ಸಂಬಂಧ’ ಅದನ್ನು ತೋರಿಸುವುದಿಲ್ಲ.

‘ಸಂಬಂಧ’ ಅನ್ನುವ ಮಾತಿನ ಮೇಲೇ ನನಗೆ ಇನ್ನೊಂದು ತಕರಾರಿದೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಮಾಡೆಲ್ (ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ಕ್ರಮ) ಮುಂದಿಟ್ಟಾಗ, ‘ರಿಲೇಶನ್’ ಅಂದದ್ದು ಎರಡು ಟೇಬಲ್ ನಡುವಿನ ನಂಟನ್ನಲ್ಲ. ಈಗ ನಾವು ಟೇಬಲ್ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದನ್ನೇ. ಅದು ಗಣಿತದ ಪದ. ಫಾರಿನ್ ಕೀ ಅನ್ನುವ ಮಾತೂ ಅದೇ ಬರಹದಲ್ಲಿದೆ. ನಂಟಿಗೆ ‘ರಿಲೇಶನ್‌ಶಿಪ್’ ಅನ್ನುವ ಬಳಕೆ ಹರಡಿದ್ದು ಪೀಟರ್ ಚೆನ್ 1976ರಲ್ಲಿ ಇಆರ್ (ಎಂಟಿಟಿ-ರಿಲೇಶನ್‌ಶಿಪ್) ಮಾಡೆಲ್ ಬರೆದ ಮೇಲೆ. ಇಂಗ್ಲಿಷಿನಲ್ಲಿ ಎರಡು ಪದ, ಎರಡು ಅರ್ಥ. ಕನ್ನಡದಲ್ಲಿ ಎರಡಕ್ಕೂ ‘ಸಂಬಂಧ’ ಅಂತಲೇ ಬರೆದರೆ, ಟೇಬಲ್‌ಗಳ ನಡುವೆ ಸಂಬಂಧ ಇರುವುದರಿಂದ ಅದು ರಿಲೇಶನಲ್ ಅಂತ ಮಕ್ಕಳು ತಿಳಿದುಬಿಡುತ್ತಾರೆ. ತಿದ್ದುವುದು ಕಷ್ಟ. ಅದಕ್ಕೆ ಈ ಕೊಂಡಿಗೆ ‘ನಂಟು’ ಅಂತಲೇ ಬರೆಯುತ್ತಿದ್ದೇನೆ. ‘ಕೊಂಡಿ’ ಪದವನ್ನೇ ಇಡಬಹುದಿತ್ತು, ಆದರೆ ಅದು ಆಗಲೇ ವೆಬ್ ಲಿಂಕಿಗೆ ನಿಂತುಬಿಟ್ಟಿದೆ.

ಇನ್ನು ‘ಹ್ಯಾಸ್ ಮೆನಿ’. ಇದಕ್ಕೆ ‘ಹೊಂದಿದೆ’ ಹಾಕಿದರೆ ‘ಸದಸ್ಯರು ಹಲವು ಹಾಲಿನ ದಾಖಲೆಗಳನ್ನು ಹೊಂದಿದ್ದಾರೆ’ ಅಂತ ಆಗುತ್ತದೆ. ಯಾರೂ ಹೀಗೆ ಮಾತಾಡುವುದಿಲ್ಲ ಅಲ್ವಾ? ‘ಅವರಿಗೆ ನಾಲ್ಕು ಹಸು ಇದೆ’ ಅನ್ನುತ್ತೇವೆ. ತಿರುಗಿಸಿ ‘ಈ ಹಸು ಯಾರದು?’ ಅಂತ ಕೇಳುತ್ತೇವೆ. ‘ಈ ಕ್ಯಾನ್ ಯಾರದು, ಈ ಬಿಲ್ಲು ಯಾರದು’, ಡೈರಿ ಮುಂದೆ ನಿಂತರೆ ಕೇಳುವ ಮಾತೂ ಇದೇ. ಡೇಟಾಬೇಸ್ ಕೂಡ ಹೀಗೇ ಯೋಚಿಸುತ್ತದೆ. ಹಾಲಿನ ಪ್ರತಿ ಸಾಲೂ ‘ನಾನು ಯಾರದು’ ಅನ್ನುವುದಕ್ಕೆ ಉತ್ತರವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಹೀಗೆ ಹೇಳಿದಾಗ ಮಕ್ಕಳಿಗೆ ಕಾಲಂ ಎಲ್ಲಿ ಹೋಗಬೇಕು ಅನ್ನುವುದು ಕೂಡಲೇ ಹೊಳೆಯುತ್ತದೆ.

ಹಾಗಾದರೆ ಫಾರಿನ್ ಕೀಗೆ ‘ಒಡೆಯರ ನಂಬರ್’ ಅನ್ನೋಣವೇ? ಹಾಲಿಗೆ ಸರಿ. ಆದರೆ ತಾಲೂಕು ಮತ್ತು ಹಳ್ಳಿ ಅಂತ ಎರಡು ಟೇಬಲ್ ಇದ್ದರೆ, ಮುಳಬಾಗಿಲು ಆ ಹಳ್ಳಿಗಳ ಒಡೆಯ ಅಲ್ಲ. ಅಲ್ಲಿ ‘ಮುಳಬಾಗಿಲಿಗೆ ಸೇರಿದ್ದು’ ಅನ್ನುತ್ತೇವೆ. ‘ಸೇರು’ ಎರಡು ಕಡೆಗೂ ಹೊಂದುತ್ತದೆ. ‘ವಿದೇಶಿ ಕೀಲಿ’, ‘ಪರಕೀಯ ಕೀಲಿ’ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಫಾರಿನ್ ಅಂದರೆ ಬೇರೆ ದೇಶದ್ದಲ್ಲ, ಬೇರೆ ಟೇಬಲ್‌ನದು. ಕೀಲಿಯದೂ ತೊಡಕೇ. ನಮ್ಮ ಕಡೆ ಅದನ್ನು ಬೀಗದ ಕೈ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಕೀಲಿ ಅಂದರೆ ಬೀಗ. ಅದಕ್ಕಿಂತ ಹೆಚ್ಚಾಗಿ, ಇದು ಯಾವುದನ್ನೂ ತೆಗೆಯುವುದಿಲ್ಲ, ಮುಚ್ಚುವುದಿಲ್ಲ. ಯಾವ ಸಾಲು ಅಂತ ಗುರುತಿಸುತ್ತದೆ, ಅಷ್ಟೇ. ಸಂಖ್ಯೆಯೇ ಆಗಿರಬೇಕು ಅಂತಲೂ ಇಲ್ಲ. ಆದ್ದರಿಂದ ಟೇಬಲ್ ತನ್ನದೇ ಸಾಲನ್ನು ಗುರುತಿಸುವ ಪ್ರೈಮರಿ ಕೀಗೆ ‘ತನ್ನ ಗುರುತು’, ಫಾರಿನ್ ಕೀಗೆ ‘ಸೇರುಗುರುತು’ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಅಳಿಸುವ ವಿಷಯದಲ್ಲಿ ಕನ್ನಡ ಸಲೀಸಾಗಿ ಬಂತು. ಜಾಂಗೋ 2.0 ಬಂದಾಗಿನಿಂದ, ಅಂದರೆ 2017ರ ಡಿಸೆಂಬರ್‌ನಿಂದ, ಸದಸ್ಯರ ಸಾಲು ಅಳಿಸಿದರೆ ಅವರ ಹಾಲಿನ ಸಾಲುಗಳ ಗತಿ ಏನು ಅನ್ನುವುದನ್ನು ಮೊದಲೇ ಬರೆಯುವುದು ಕಡ್ಡಾಯ. ‘ಕ್ಯಾಸ್ಕೇಡ್’ಗೆ ‘ಜೊತೆಗೇ ಅಳಿಸು’, ‘ಪ್ರೊಟೆಕ್ಟ್’ಗೆ ‘ಅಳಿಸಲು ಬಿಡಬೇಡ’, ‘ಸೆಟ್ ನಲ್’ಗೆ ‘ಖಾಲಿ ಬಿಡು’. ಯಾರೋ ಹಸು ಮಾರಿ ಡೈರಿ ಬಿಟ್ಟರು ಅಂತ ಅವರ ಹಳೆಯ ಹಾಲನ್ನೂ ಅಳಿಸಿದರೆ ಬಟವಾಡೆ ಲೆಕ್ಕ ತಾಳೆಯಾಗುವುದಿಲ್ಲ. ಇಲ್ಲಿ ‘ಅಳಿಸಲು ಬಿಡಬೇಡ’ ಒಂದೇ ಸರಿ.

ಕೊನೆಯ ತೊಡಕು ಬಹುವಚನದ್ದು. ಜಾಂಗೋದ ಅಡ್ಮಿನ್ ಪುಟಕ್ಕೆ (ದಾಖಲೆ ನೋಡಿ ತಿದ್ದುವ ಪುಟ) ಮಾಡೆಲ್‌ನ ಹೆಸರು ‘ಸದಸ್ಯ’ ಅಂತ ಏಕವಚನದಲ್ಲಿ ಮಾತ್ರ ಕೊಟ್ಟರೆ, ಅದು ಹಿಂದೆ ಇಂಗ್ಲಿಷಿನ ‘ಎಸ್’ ಅಕ್ಷರ ಅಂಟಿಸಿ ತೋರಿಸುತ್ತದೆ. ಬಹುವಚನದ ಹೆಸರನ್ನು ನಾವೇ ಬೇರೆಯಾಗಿ ಬರೆಯಬೇಕು. ಸದಸ್ಯರು, ಹಸುಗಳು, ಅಣ್ಣಂದಿರು, ಒಂದೊಂದಕ್ಕೆ ಒಂದೊಂದು ಬಾಲ. ಎಣಿಕೆ ಬಂದರೆ ಎಷ್ಟೋ ಸಲ ಬಾಲವೇ ಬೇಡ: ಎರಡು ಹೊತ್ತು, ನಾಲ್ಕು ಹಸು, ಹತ್ತು ಲೀಟರ್. ‘ಹಾಲುಗಳು’ ಅಂತೂ ಆಗದ ಮಾತು.

ಹಾಗಾಗಿ ಎರಡು ಪ್ರಶ್ನೆ. ‘ಸೇರುಗುರುತು’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಇದಕ್ಕಿಂತ ಬಳಕೆಯ ಮಾತು ಇದೆಯೇ? ಇನ್ನೊಂದು, ಒಬ್ಬರು ಒಂದು ಹೊತ್ತು ತಂದು ಹಾಕುವ ಹಾಲು, ಅಂದರೆ ರಿಜಿಸ್ಟರ್‌ನ ಒಂದು ಸಾಲು, ಅದಕ್ಕೆ ನಿಮ್ಮೂರಿನ ಡೈರಿಯಲ್ಲಿ ಏನನ್ನುತ್ತಾರೆ? ತುಮಕೂರು, ಮಂಡ್ಯ, ಹಾಸನದ ಕಡೆಯವರು ದಯವಿಟ್ಟು ಕೇಳಿ ತಿಳಿಸಿ. ಆ ಟೇಬಲ್‌ಗೆ ಅದೇ ಹೆಸರಿಡುತ್ತೇನೆ.