ಓದುಗರ ಸ್ಪಂದನ: ಮೂರನೇ ಸೀಸನ್ ಬಂದ್ರೂ ಹುಡುಗ ಅಲ್ಲೇ ಇದ್ದಾನೆ!

ಓದುಗರೊಬ್ಬರ ಸಮಸ್ಯೆ:
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನನ್ನ ಮೆಚ್ಚಿನ ತಂಡ, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಐದರೊಳಗೇ ಒಬ್ಬ ಹುಡುಗನನ್ನು ಆರಿಸಿಕೊಂಡಿತ್ತು. ಆಗ ಅವನಿಗೆ 19 ವರ್ಷ. ಒಳ್ಳೆ ಎತ್ತರ, ಉದ್ದ ಕೈ, ಓಟವೂ ಚೆನ್ನಾಗಿತ್ತು. ನಮ್ಮ ಮುಂದಿನ ಸ್ಟಾರ್ ಇವನೇ ಅಂತ ಕುಣಿದಾಡಿದ್ದೆ. ಈಗ ಅವನಿಗೆ ಮೂರನೇ ಸೀಸನ್. ಪಾಯಿಂಟ್ ಸರಾಸರಿ ಇದ್ದಲ್ಲೇ ಇದೆ. ದೂರದಿಂದ ಹೊಡೆಯೋ ಮೂರು ಪಾಯಿಂಟ್ ಶಾಟ್ ಬೀಳೋದೇ ಇಲ್ಲ. ಕೊನೆಯ ಕ್ವಾರ್ಟರ್ ಬಂತು ಅಂದ್ರೆ ಕೋಚ್ ಅವನನ್ನು ಬೆಂಚಿಗೆ ಕಳಿಸುತ್ತಾರೆ. ಅವನ ನಂತರ ಆಯ್ಕೆಯಾದವರು ಮಿಂಚುತ್ತಿದ್ದಾರೆ. ಮ್ಯಾಚ್ ನೋಡಿದ್ರೆ ಸಿಟ್ಟು, ನೋಡದಿದ್ರೆ ಸಮಾಧಾನ ಇಲ್ಲ. ಇನ್ನೂ ಕಾಯಬೇಕಾ? ಇವನು ಇಷ್ಟೇ ಅಂತ ಕೈಬಿಡಬೇಕಾ?

ಓದುಗರ ಸಲಹೆಗಳು:
ಮುಂದಿನ ಮ್ಯಾಚ್‌ನಲ್ಲಿ ಒಂದೈದು ನಿಮಿಷ ಚೆಂಡಿನ ಮೇಲಿಂದ ಕಣ್ಣು ತೆಗೆಯಿರಿ. ಅವನೊಬ್ಬನನ್ನೇ ನೋಡಿ.

ಎದುರಾಳಿ ತಂಡ ಚೆಂಡನ್ನು ಅಂಕಣದ ಒಂದು ಪಕ್ಕದಲ್ಲಿ ಆಡಿಸುತ್ತಿರುವಾಗ ಇನ್ನೊಂದು ಪಕ್ಕದಲ್ಲಿ ಕಾವಲು ನಿಂತ ಇವನ ತಲೆ ಆಡುತ್ತಾ ಇದೆಯಾ? ಒಮ್ಮೆ ಚೆಂಡು, ಒಮ್ಮೆ ತಾನು ಕಾಯಬೇಕಾದ ಆಟಗಾರ, ಹೀಗೆ ನೋಡುತ್ತಿದ್ದಾನಾ? ಅಥವಾ ಚೆಂಡನ್ನೇ ನೋಡುತ್ತಾ ನಿಂತು, ತನ್ನವನು ಬೆನ್ನ ಹಿಂದೆ ನುಸುಳಿದ ಮೇಲೆ ಎಚ್ಚರಗೊಳ್ಳುತ್ತಾನಾ? ಯಾರಾದರೂ ಬುಟ್ಟಿಯ ಕಡೆ ನುಗ್ಗಿದಾಗ ಅವರು ಹಾರುವ ಮೊದಲೇ ಇವನು ಅಲ್ಲಿ ಬಂದು ನಿಂತಿರುತ್ತಾನಾ? ಅರ್ಧ ಹೆಜ್ಜೆ ತಡವಾಯ್ತು ಅಂದ್ರೆ ಅದು ಫೌಲ್. ಹೊಸ ಹುಡುಗರ ಫೌಲ್‌ಗಳಲ್ಲಿ ಬಹಳಷ್ಟು ಈ ಅರ್ಧ ಹೆಜ್ಜೆಯವೇ. ಆ ಹೆಜ್ಜೆ ಈಗ ಸರಿಯಾಗಿದ್ದರೆ ಹುಡುಗ ಬೆಳೆದಿದ್ದಾನೆ. ಪಾಯಿಂಟ್ ಪಟ್ಟಿಯಲ್ಲಿ ಅದಕ್ಕೆ ಕಾಲಮ್ ಇಲ್ಲ, ಅಷ್ಟೇ.

ಇನ್ನು ಶಾಟ್. ಪಾಸ್ ಎದೆಯ ಹತ್ತಿರ ಬರುತ್ತೆ. ಕೆಲವರು ಅದನ್ನು ಹಿಡಿದು ಸೊಂಟದವರೆಗೆ ಇಳಿಸಿ, ಆಮೇಲೆ ಎತ್ತಿ ಹೊಡೆಯುತ್ತಾರೆ. ಕಾಲೇಜು ಮಟ್ಟದಲ್ಲಿ ಅದಕ್ಕೆ ಸಮಯ ಸಿಗುತ್ತೆ. ಎನ್‌ಬಿಎಯಲ್ಲಿ ಅಷ್ಟರಲ್ಲಿ ಕಣ್ಣ ಮುಂದೆ ಒಂದು ಕೈ ಬಂದಿರುತ್ತೆ. ನಿಮ್ಮ ಹುಡುಗ ಹಾಗೆ ಮಾಡ್ತಾನಾ ನೋಡಿ. ಈ ಅಭ್ಯಾಸ ತಿದ್ದಬಹುದು, ಆದರೆ ತಿದ್ದುವಾಗ ಶಾಟ್ ಮೊದಲು ಇನ್ನೂ ಕೆಡುತ್ತೆ. ಮೈಗೆ ಒಗ್ಗಿದ್ದನ್ನು ಬಿಟ್ಟು ಹೊಸದಕ್ಕೆ ಒಗ್ಗಬೇಕಲ್ವಾ! 2011ರಲ್ಲಿ ಕವಾಯ್ ಲೆನರ್ಡ್ ಎನ್‌ಬಿಎಗೆ ಬಂದಾಗ ಅವರಿಗೆ ದೂರದ ಶಾಟ್ ಬರಲ್ಲ ಅಂತಲೇ ಎಲ್ಲರೂ ಹೇಳುತ್ತಿದ್ದರು. ಅವರ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಶೂಟಿಂಗ್ ಕೋಚ್ ಚಿಪ್ ಎಂಗೆಲಂಡ್, ಲೆನರ್ಡ್ ಕೈಯನ್ನು ತಿದ್ದಿದರು. 2014ರ ಫೈನಲ್ಸ್‌ನಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದದ್ದು ಅದೇ ಲೆನರ್ಡ್. ಅವರ ಹಟ ಎಲ್ಲರಿಗೂ ಇರುತ್ತೆ ಅಂತ ನಾನು ಹೇಳಲಾರೆ. ಆದರೆ ಶಾಟ್ ಹುಟ್ಟಿನಿಂದ ಬರೋದು ಅನ್ನೋ ಮಾತು ಸುಳ್ಳು.
– ಮಕ್ಕಳ ತಂಡದ ಕೋಚ್ ಒಬ್ಬರು

ಎಷ್ಟನೇ ಆಯ್ಕೆ ಆಗಬೇಕು ಅಂತ ತೀರ್ಮಾನಿಸಿದ್ದು ಅವನಲ್ಲ, ತಂಡದ ಆಡಳಿತ. ಸಿಟ್ಟು ಬಂದ್ರೆ ಅತ್ತ ತೋರಿಸಿ.
– ಒಬ್ಬ ಓದುಗಿ

ನಿಧಾನವಾಗಿ ಬೆಳೆದು ದೊಡ್ಡ ಸ್ಟಾರ್ ಆದ ಯಾನಿಸ್ ಆಂಟೆಟೊಕುಂಪೊ ಅವರನ್ನು ನೋಡಿ ಕಲಿಯಿರಿ, ಕಾಯಿರಿ ಅಂತ ನಿಮಗೆ ಹತ್ತು ಜನ ಬರೆದಿರುತ್ತಾರೆ. ಆ ಉದಾಹರಣೆ ನಿಮಗೆ ಹೊಂದಲ್ಲ. ಮೊದಲ ಸೀಸನ್‌ನಲ್ಲಿ ಅವರ ಸರಾಸರಿ 6.8 ಪಾಯಿಂಟ್ ಇತ್ತು, ನಿಜ. ಆದರೆ ಮುಂದಿನ ವರ್ಷ 12.7, ಅದರ ಮುಂದಿನ ವರ್ಷ 16.9, ಆಮೇಲೆ 22.9. ಪ್ರತಿ ವರ್ಷ ಏರುತ್ತಲೇ ಹೋಯಿತು. ನಿಮ್ಮ ಹುಡುಗನದು ನಿಂತ ನೀರು.

ನೀವು ನೋಡಬೇಕಾದ್ದು ಜರ್ಮೇನ್ ಓನೀಲ್ ಅವರನ್ನು. 1996ರಲ್ಲಿ ಹೈಸ್ಕೂಲ್ ಮುಗಿಸಿ ನೇರವಾಗಿ ಪೋರ್ಟ್‌ಲ್ಯಾಂಡ್ ತಂಡಕ್ಕೆ ಬಂದರು. ನಾಲ್ಕು ಸೀಸನ್ ಹೆಚ್ಚಾಗಿ ಬೆಂಚ್ ಮೇಲೇ ಕಳೆದರು. ಅಲ್ಲಿ ಅವರ ಜಾಗದಲ್ಲಿ ರಶೀದ್ ವಾಲೇಸ್, ಅರ್ವಿಡಾಸ್ ಸಬೋನಿಸ್ ಅಂಥವರಿದ್ದರು. ತಂಡ ಕಪ್ ಗೆಲ್ಲೋ ಲೆಕ್ಕಾಚಾರದಲ್ಲಿತ್ತು. ಹುಡುಗನಿಗೆ ತಪ್ಪು ಮಾಡಿ ಕಲಿಯೋಕೆ ಬಿಡುವಷ್ಟು ಪುರುಸೊತ್ತು ಯಾರಿಗಿತ್ತು? 2000ದಲ್ಲಿ ಇಂಡಿಯಾನಾ ತಂಡಕ್ಕೆ ಟ್ರೇಡ್ ಮಾಡಿದರು, ಅಂದರೆ ಆಟಗಾರರ ವಿನಿಮಯದಲ್ಲಿ ಕೊಟ್ಟುಬಿಟ್ಟರು. 2002ರಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ ಬಂತು. ಒಟ್ಟು ಆರು ಸಲ ಆಲ್ ಸ್ಟಾರ್ ಆದರು, ಅಂದರೆ ಲೀಗ್‌ನ ಅತ್ಯುತ್ತಮರ ಪಂದ್ಯಕ್ಕೆ ಆಯ್ಕೆಯಾದರು. ನಿಮ್ಮ ಹುಡುಗನ ಜಾಗದಲ್ಲಿ ಇನ್ಯಾರು ಆಡುತ್ತಾರೆ ಅಂತ ನೀವು ಬರೆದೇ ಇಲ್ಲ. ಅವನು ಬೇರೆ ಜೆರ್ಸಿ ಹಾಕಿಕೊಂಡು ಅರಳಿದರೆ ತಡೆದುಕೊಳ್ಳುವ ಶಕ್ತಿ ನಿಮಗಿದೆಯಾ? ಪೋರ್ಟ್‌ಲ್ಯಾಂಡ್ ಅಭಿಮಾನಿಗಳನ್ನು ಕೇಳಿ ನೋಡಿ.
– ಹಳೇ ಅಭಿಮಾನಿ

ನಾನು ಸಮಾಧಾನ ಹೇಳಲ್ಲ. ಯಾನಿಸ್ 15ನೆಯವರಾಗಿ ಆಯ್ಕೆಯಾದ 2013ರ ಡ್ರಾಫ್ಟ್‌ನಲ್ಲೇ ಮೊದಲನೆಯವರಾಗಿ ಆಯ್ಕೆಯಾದದ್ದು ಆಂಟನಿ ಬೆನೆಟ್. ನಾಲ್ಕು ಸೀಸನ್, ನಾಲ್ಕು ತಂಡ, ಅಲ್ಲಿಗೆ ಎನ್‌ಬಿಎ ಆಟ ಮುಗೀತು. ಕೆಲವರು ಬೆಳೆಯಲ್ಲ. ಬೇಜಾರಾಗೋದು ತಪ್ಪಲ್ಲ, ಅಭಿಮಾನಿ ಅಂದಮೇಲೆ ಹಾರೈಸಿಕೊಂಡೇ ಇರಬೇಕು ಅಂತ ಯಾವ ಕಾನೂನೂ ಇಲ್ಲ. ತಂಡದಲ್ಲಿ ಇನ್ನೂ ಹದಿನಾಲ್ಕು ಜನ ಇರ್ತಾರೆ, ಅವರ ಆಟ ನೋಡಿ.
– ನೇರ ಮಾತಿನವರು

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಹುಡುಗನಿಗೆ ಎಲ್ಲಾದರೂ ನೋವಿದೆಯಾ? 2017ರಲ್ಲಿ ಫಿಲಡೆಲ್ಫಿಯಾ ತಂಡ ಮೊದಲನೆಯವರಾಗಿ ಆರಿಸಿದ್ದು ಮಾರ್ಕೆಲ್ ಫುಲ್ಟ್ಜ್ ಅವರನ್ನು. ಚೆನ್ನಾಗಿ ಶಾಟ್ ಹೊಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಚೆಂಡು ಎತ್ತೋಕೇ ತಡಬಡಾಯಿಸಿದರು. ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋ ಹೊಡೆಯುವಾಗ ನಡುವೆ ಕೈ ತಡೆದು ನಿಲ್ಲುತ್ತಿತ್ತು. ತಲೆ ಕೆಟ್ಟಿದೆ, ಹೆದರಿದ್ದಾನೆ ಅಂತ ಜನ ಆಡಿಕೊಂಡರು. 2018ರ ಕೊನೆಗೆ ಭುಜದ ಹತ್ತಿರ ನರ ಒತ್ತುವ ತೊಂದರೆ ಇದೆ ಅಂತ ವೈದ್ಯರು ಹೇಳಿದರು. ಟಿವಿ ಮುಂದೆ ಕೂತ ನಮಗೆ ಸೋಮಾರಿತನ ಯಾವುದು, ನೋವು ಯಾವುದು ಅಂತ ಗೊತ್ತಾಗಲ್ಲ. ಬೈಯೋಕೆ ಮುಂಚೆ ಸ್ವಲ್ಪ ತಡೆಯಿರಿ.
– ಫಿಸಿಯೋಥೆರಪಿ ವಿದ್ಯಾರ್ಥಿನಿ

ನೀವು ತಲೆ ಕೆಡಿಸಿಕೊಳ್ಳೋ ಬದಲು ತಂಡ ಏನು ಮಾಡುತ್ತೆ ನೋಡಿ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿಗೆ ಎರಡು ವರ್ಷದ ಸಂಬಳ ಖಾತ್ರಿ. ಮೂರನೇ ಮತ್ತು ನಾಲ್ಕನೇ ವರ್ಷಕ್ಕೆ ಉಳಿಸಿಕೊಳ್ಳೋದು ಬಿಡೋದು ತಂಡದ ಇಷ್ಟ. ನಾಲ್ಕನೇ ವರ್ಷದ ತೀರ್ಮಾನವನ್ನು ಮೂರನೇ ಸೀಸನ್ ಶುರುವಾಗುವ ಹೊತ್ತಿಗೇ ಮಾಡಬೇಕು. ಅಂದರೆ ನಿಮ್ಮ ಹುಡುಗನ ವಿಷಯ ಆಗಲೇ ಇತ್ಯರ್ಥವಾಗಿದೆ. ಉಳಿಸಿಕೊಂಡಿದ್ದರೂ ಜಾಸ್ತಿ ಹಿಗ್ಗಬೇಡಿ, ಅಷ್ಟು ಮೇಲಿನ ಆಯ್ಕೆಯನ್ನು ಸಾಮಾನ್ಯವಾಗಿ ಯಾರೂ ಬಿಡಲ್ಲ. ನಿಜವಾದ ಪರೀಕ್ಷೆ ಈ ಸೀಸನ್ ಮುಗಿದ ಮೇಲೆ. ಆಗ ಅವನ ಜೊತೆ ದೊಡ್ಡ ಒಪ್ಪಂದಕ್ಕೆ ಮಾತುಕತೆ ಶುರು ಮಾಡಬಹುದು. ದಿನಾ ಪ್ರಾಕ್ಟೀಸ್ ನೋಡೋರು ಅವರು. ಅವರು ಜೇಬಿಗೆ ಕೈ ಹಾಕ್ತಾರಾ, ಸುಮ್ನೆ ಇರ್ತಾರಾ ನೋಡಿ.
– ಲೆಕ್ಕಪತ್ರ ನೋಡುವವರು

ಮೂರು ಪಾಯಿಂಟ್ ಬಗ್ಗೆ ಬರೆದಿದ್ದೀರಿ, ಫ್ರೀ ಥ್ರೋ ಬಗ್ಗೆ ಒಂದಕ್ಷರವೂ ಇಲ್ಲ. ಅಲ್ಲಿ ಎದುರಿಗೆ ಯಾರೂ ಇರಲ್ಲ, ಅವಸರ ಇರಲ್ಲ, ದೂರ ಪ್ರತಿ ಸಲವೂ 15 ಅಡಿ. ಶಾಟ್‌ನ ಕೈ ಹೇಗಿದೆ ಅಂತ ಅಲ್ಲೇ ಸರಿಯಾಗಿ ಕಾಣೋದು. ಅದು ವರ್ಷದಿಂದ ವರ್ಷಕ್ಕೆ ಏರಿದ್ದರೆ ದೂರದ ಶಾಟ್‌ಗೂ ಆಸೆ ಇಟ್ಟುಕೊಳ್ಳಬಹುದು. ಮೂರೂ ಸೀಸನ್‌ಗಳ ಶೇಕಡಾ ಎಷ್ಟಿದೆ ನೋಡಿ ಬರೆಯಿರಿ, ಆಮೇಲೆ ಮಾತಾಡೋಣ.
– ಅಂಕಿ ಅಂಶದ ಹುಚ್ಚಿನವರು