ವೆಬ್‌ಹುಕ್‌ಗೆ ‘ಓಗೊಡು’ ಸಲ್ಲುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದದ್ದು ಮುಖ್ಯವಾಗಿ ಎರಡು ಪದ. ‘ವೆಬ್‌ಹುಕ್’ಗೆ ಕನ್ನಡದಲ್ಲಿ ಏನನ್ನೋಣ? ಅದನ್ನು ಕ್ಲೌಡ್‌ನಲ್ಲಿ, ಅಂದರೆ ಜಾಲದ ಮೂಲಕ ಬಾಡಿಗೆಗೆ ಸಿಗುವ ಯಂತ್ರಗಳಲ್ಲಿ, ‘ಡಿಪ್ಲಾಯ್’ ಮಾಡುವುದಕ್ಕೆ ಏನನ್ನೋಣ? ಇವುಗಳ ಬೆನ್ನಿಗೆ ಇನ್ನೂ ಮೂರು ನಾಲ್ಕು ಪದಗಳು ಬರುತ್ತವೆ. ಸ್ವಲ್ಪ ಉದ್ದದ ಪತ್ರ, ದಯವಿಟ್ಟು ಪೂರ್ತಿ ಓದಿ.

ಸಾಗರದಲ್ಲಿ ಪದವಿ ಓದುವ ಕೆಲವು ಹುಡುಗ ಹುಡುಗಿಯರಿಗೆ ಬಿಡುವಿನ ದಿನಗಳಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಈ ಸಲ ಅವರು ಮಾಡಿದ್ದು ಅಡಿಕೆ ಧಾರಣೆ ಹೇಳುವ ಧ್ವನಿ ಸಹಾಯಕ. ಮೊಬೈಲಿಗೆ ಬಾಯಲ್ಲಿ ಕೇಳಿದರೆ ಆಯಿತು, ಆ ದಿನದ ಮಾರುಕಟ್ಟೆ ದರವನ್ನು ಅದು ಓದಿ ಹೇಳುತ್ತದೆ. ಈ ಕೆಲಸದ ಕೈಪಿಡಿಯನ್ನು ಕನ್ನಡದಲ್ಲೇ ಬರೆಯಲು ಹೊರಟಿದ್ದೇನೆ. ಗೂಗಲ್ 2017ರ ಆಗಸ್ಟ್‌ನಲ್ಲಿ ಮಾತನ್ನು ಬರಹಕ್ಕಿಳಿಸುವ ತನ್ನ ಸೌಲಭ್ಯಕ್ಕೆ ಕನ್ನಡವನ್ನೂ ಸೇರಿಸಿದ ಮೇಲೆ, ಯಂತ್ರದ ಜೊತೆ ಕನ್ನಡದಲ್ಲಿ ಮಾತಾಡುವುದು ನಮ್ಮ ಮಕ್ಕಳಿಗೆ ಹೊಸತಲ್ಲ. ಅದರ ಒಳಗಿನ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡಲು ಮಾತ್ರ ಪದ ಸಾಲುತ್ತಿಲ್ಲ.

ಮೊದಲು ಕೆಲಸ ನಡೆಯುವ ಬಗೆ ಹೇಳಿಬಿಡುತ್ತೇನೆ. ಒಬ್ಬರು “ಇವತ್ತು ರಾಶಿ ಎಷ್ಟಕ್ಕೆ ಹೋಯ್ತು?” ಅನ್ನುತ್ತಾರೆ, ಇನ್ನೊಬ್ಬರು “ಶಿರಸೀಲಿ ಚಾಲಿ ರೇಟ್ ಏನು?” ಅನ್ನುತ್ತಾರೆ. ರಾಶಿ, ಚಾಲಿ ಎರಡೂ ಅಡಿಕೆಯ ಬಗೆಗಳು. ಮಾತು ಬೇರೆ, ಕೇಳಿದ್ದು ಒಂದೇ, ಧಾರಣೆ. ಸಹಾಯಕ ಮೊದಲು ಮಾತನ್ನು ಬರಹ ಮಾಡಿಕೊಳ್ಳುತ್ತದೆ, ಆಮೇಲೆ ಹೇಳಿದವರ ಮನಸ್ಸಿನಲ್ಲಿ ಏನಿದೆ ಎಂದು ಗುರುತಿಸುತ್ತದೆ. ಈ ‘ಇಂಟೆಂಟ್’ ಅನ್ನುವುದಕ್ಕೆ ನಾನು ‘ಇಂಗಿತ’ ಎಂದು ಬರೆದಿದ್ದೇನೆ. ‘ಉದ್ದೇಶ’ ಅಂದರೆ ಬಾಯಿಬಿಟ್ಟು ಹೇಳಿದ್ದು, ‘ಇಂಗಿತ’ ಅಂದರೆ ಕೇಳುವವರು ಅರಿತುಕೊಳ್ಳಬೇಕಾದದ್ದು. ಯಂತ್ರ ಮಾಡುವುದು ಎರಡನೆಯದನ್ನೇ. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಆಕ್ಷೇಪ ಇದ್ದವರು ತಿಳಿಸಿ.

ಇಂಗಿತವೇನೋ ಗೊತ್ತಾಯಿತು, ಆದರೆ ಇವತ್ತಿನ ಧಾರಣೆ ಸಹಾಯಕಕ್ಕೆ ಗೊತ್ತಿಲ್ಲ. ನಾವು ಮೊದಲೇ ಅದಕ್ಕೆ ಒಂದು ವಿಳಾಸ ಕೊಟ್ಟಿರುತ್ತೇವೆ. ಆ ವಿಳಾಸಕ್ಕೆ ಅದು ಜೇಸನ್ ಎಂಬ ಮಾದರಿಯಲ್ಲಿ ಜೋಡಿಸಿದ ಮಾಹಿತಿಯ ಒಂದು ಕಟ್ಟು ಕಳಿಸುತ್ತದೆ: ಇಂಗಿತ ಇದು, ಅಡಿಕೆಯ ಬಗೆ ಇದು, ಊರು ಇದು. ಅಲ್ಲಿ ಕುಳಿತಿರುವ ನಮ್ಮ ಪ್ರೋಗ್ರಾಂ ದರ ಹುಡುಕಿ ಉತ್ತರದ ವಾಕ್ಯ ಕಟ್ಟಿ ಕಳಿಸಿದರೆ, ಸಹಾಯಕ ಅದನ್ನು ಗಟ್ಟಿಯಾಗಿ ಓದುತ್ತದೆ. ಕೇಳಿದಾಗ ಉತ್ತರ ಕೊಡಲು ಕಾದಿರುವ ಆ ವಿಳಾಸ ಮತ್ತು ಅದರ ಹಿಂದಿನ ಪ್ರೋಗ್ರಾಂ, ಇವೇ ವೆಬ್‌ಹುಕ್.

ನಮ್ಮ ಚಿಕ್ಕಪ್ಪನಿಗೆ ಇದನ್ನು ತೋರಿಸಿದಾಗ ಅವರು ಕೇಳಿದ ಮೊದಲ ಮಾತು, “ಅದು ಯಾರ ಹತ್ರ ಕೇಳ್ಕೊಂಡು ಬಂದು ಹೇಳ್ತದೆ ಮಾರಾಯ?” ಕಂಪ್ಯೂಟರ್ ಮುಟ್ಟದವರು ಒಂದೇ ಪ್ರಶ್ನೆಯಲ್ಲಿ ವೆಬ್‌ಹುಕ್ಕಿನ ಬಾಗಿಲಿಗೇ ಬಂದು ನಿಂತರು. ಕೇಳುವವರು ಒಬ್ಬರು, ಓ ಅನ್ನುವವರು ಇನ್ನೊಬ್ಬರು. ಕನ್ನಡದ ಪದ ಇಲ್ಲಿಂದಲೇ ಹುಟ್ಟಬೇಕು ಎಂದು ನನಗೆ ಅವತ್ತು ಅನ್ನಿಸಿತು.

ಇಂಗ್ಲಿಷಿನ ಪದ ಹುಟ್ಟಿದ್ದು ಬೇರೆ ಕಡೆಯಿಂದ. 2007ರಲ್ಲಿ ಜೆಫ್ ಲಿಂಡ್ಸೆ ಎಂಬ ತಂತ್ರಜ್ಞರು ಈ ಹೆಸರನ್ನು ಚಲಾವಣೆಗೆ ತಂದರು. ಓಡುತ್ತಿರುವ ಪ್ರೋಗ್ರಾಮಿನ ನಡುವೆ ನಮ್ಮದೊಂದು ತುಂಡು ಸಿಕ್ಕಿಸುವ ಜಾಗಕ್ಕೆ ಹುಕ್ ಅನ್ನುವ ರೂಢಿ ಅದಕ್ಕೂ ಮೊದಲೇ ಇತ್ತು. ಅದನ್ನೇ ಜಾಲಕ್ಕೆ ಹೊಂದಿಸಿದರು. ಕನ್ನಡಕ್ಕೆ ಹಾಗೇ ಎತ್ತಿಟ್ಟರೆ ‘ಜಾಲಕೊಕ್ಕೆ’ ಆಗುತ್ತದೆ. ಆದರೆ ಕನ್ನಡದಲ್ಲಿ ‘ಕೊಕ್ಕೆ ಹಾಕುವುದು’ ಅಂದರೆ ನಡೆಯುವ ಕೆಲಸಕ್ಕೆ ತಕರಾರು ತೆಗೆಯುವುದು. ಒಬ್ಬ ವಿದ್ಯಾರ್ಥಿನಿ ‘ಜಾಲಕೊಕ್ಕೆ’ ಓದಿ, “ಇದು ವೈರಸ್ಸಾ ಸರ್?” ಎಂದು ಕೇಳಿದಳು. ‘ಗಾಳ’ ಅಂದರೆ ಮೋಸದ ವಾಸನೆ ಇನ್ನೂ ಹೆಚ್ಚು. ‘ಕೊಂಡಿ’ ಮೃದುವಾದ ಪದ, ಚೆಲುವಾಗಿಯೂ ಇದೆ, ಆದರೆ ಕನ್ನಡ ವಿಕಿಪೀಡಿಯದಲ್ಲಿ ಲಿಂಕ್ ಅನ್ನುವ ಅರ್ಥದಲ್ಲಿ ಅದು ಆಗಲೇ ಬೇರೂರಿದೆ. ಒಂದೇ ಪುಟದಲ್ಲಿ ಎರಡು ಅರ್ಥದ ಕೊಂಡಿ ಬಂದರೆ ಕಲಿಯುವವರು ತಡವರಿಸುತ್ತಾರೆ.

ನನ್ನ ಸೂಚನೆ ‘ಓಗೊಡು’. ಓ ಮತ್ತು ಕೊಡು ಸೇರಿ ಆದ ಕ್ರಿಯಾಪದ. ತೋಟದ ಆಚೆ ತುದಿಯಿಂದ ಅಮ್ಮ ಹೆಸರು ಹಿಡಿದು ಕೂಗಿದರೆ ಈಚೆಯಿಂದ ‘ಓ’ ಅನ್ನುತ್ತೇವಲ್ಲ, ಅದು. ಪತ್ರಿಕೆಗಳಲ್ಲೂ ‘ಕರೆಗೆ ಓಗೊಟ್ಟು’ ಈಗಲೂ ಬರುತ್ತದೆ. ಸತ್ತ ಪದವನ್ನು ಎಬ್ಬಿಸುವ ಕಷ್ಟ ಇಲ್ಲಿಲ್ಲ.

ಇದಕ್ಕೆ ಒಬ್ಬ ಗೆಳೆಯರು ಒಳ್ಳೆಯ ಆಕ್ಷೇಪ ಎತ್ತಿದರು. ಎಲ್ಲ ವೆಬ್‌ಹುಕ್‌ಗಳೂ ಉತ್ತರ ಕೊಡುವುದಕ್ಕಾಗಿ ಇರುವುದಿಲ್ಲ. ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿ ಹಣ ಕಟ್ಟಿದಾಗ ‘ಹಣ ಬಂತು’ ಎಂದು ಅಂಗಡಿಯ ವಿಳಾಸಕ್ಕೆ ಸುದ್ದಿ ಮುಟ್ಟಿಸುವುದೂ ವೆಬ್‌ಹುಕ್ಕೇ, ಅಲ್ಲಿ ಪ್ರಶ್ನೆಯೇ ಇಲ್ಲವಲ್ಲ ಎಂದರು. ಎರಡು ದಿನ ಇದನ್ನೇ ಯೋಚಿಸಿದೆ. ಅಲ್ಲಿಯೂ ಸುದ್ದಿ ಪಡೆದ ಕಡೆಯಿಂದ 200 ಎಂಬ ಸಂಖ್ಯೆ ವಾಪಸು ಹೋಗಲೇಬೇಕು. ಕೇಳಿಸಿತು, ಸಿಕ್ಕಿತು ಎಂದು ಅದರ ಅರ್ಥ. ಆ 200 ಅಂದರೆ ಬರೀ ‘ಓ’. ಹಣದ ಸುದ್ದಿಗೆ ‘ಓ’ ಎಂದಷ್ಟೇ ಹೇಳಿದರೆ ಸಾಕು, ಧ್ವನಿ ಸಹಾಯಕಕ್ಕೆ ‘ಓ’ ಎಂದು ಮಾತನ್ನೂ ಸೇರಿಸಬೇಕು. ಎರಡಕ್ಕೂ ಪದ ಹೊಂದುತ್ತದೆ ಎಂದೇ ನನ್ನ ತೀರ್ಮಾನ.

ಇನ್ನೊಂದು ಹೊಂದಿಕೆ ನನಗೆ ತಡವಾಗಿ ಹೊಳೆಯಿತು. ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಕರೆದರೆ ಮೊದಲನೇ ಕರೆಗೇ ಓಗೊಡಬಾರದು ಎಂದು ಹಳ್ಳಿಗಳಲ್ಲಿ ಹಿರಿಯರು ಹೇಳುತ್ತಾರೆ. ಕರೆದವರು ಯಾರು ಎಂದು ಖಾತ್ರಿಯಾಗಬೇಕು. ವೆಬ್‌ಹುಕ್ ಬರೆಯುವಾಗಿನ ಮೊದಲ ಎಚ್ಚರವೂ ಇದೇ. ವಿಳಾಸ ಜಾಲದಲ್ಲಿ ತೆರೆದಿರುತ್ತದೆ, ಯಾರು ಬೇಕಾದರೂ ಕರೆಯಬಹುದು. ಅಮೆಜಾನಿನ ಧ್ವನಿ ಸಹಾಯಕ ಅಲೆಕ್ಸಾಗೆ ಸ್ವಂತ ಸರ್ವರಿನಿಂದ ಓಗೊಡುವವರು ಪ್ರತಿ ಕರೆಯ ಡಿಜಿಟಲ್ ಸಹಿ ಪರೀಕ್ಷಿಸಬೇಕು, 150 ಸೆಕೆಂಡಿಗಿಂತ ಹಳೆಯ ಕರೆಯನ್ನು ತಿರಸ್ಕರಿಸಬೇಕು ಎಂಬ ನಿಯಮವಿದೆ. ಮಕ್ಕಳಿಗೆ ಇದನ್ನು ಅಜ್ಜಿಯ ಮಾತಿನಿಂದ ಶುರು ಮಾಡಿ ಹೇಳಿದೆ. ಸಹಿ ಪರೀಕ್ಷೆಯ ಸಾಲುಗಳನ್ನು ಆಮೇಲೆ ಯಾರೂ ಬಿಟ್ಟು ಬರೆಯಲಿಲ್ಲ.

ಪ್ರಶ್ನೆ ಇರುವುದು ನಾಮಪದದಲ್ಲಿ. ಉಡು–ಉಡುಗೆ, ತೊಡು–ತೊಡುಗೆ, ಕೊಡು–ಕೊಡುಗೆ ಇದ್ದ ಹಾಗೆ ‘ಓಗೊಡುಗೆ’ ಆಗಬಹುದೇ? ಕೊಡುಗೆಯ ಉಡುಗೊರೆ ಅರ್ಥ ಇಲ್ಲಿಗೂ ನುಸುಳುತ್ತದೆಯೇ? ಸದ್ಯಕ್ಕೆ ‘ಓಗೊಡುವ ವಿಳಾಸ’ ಎಂದು ಬಿಡಿಸಿ ಬರೆದಿದ್ದೇನೆ. ಅರ್ಥ ಸ್ಪಷ್ಟ, ಆದರೆ ಒಂದು ಪುಟದಲ್ಲಿ ಹತ್ತು ಸಲ ಬಂದರೆ ಭಾರ.

ಇನ್ನು ಡಿಪ್ಲಾಯ್. ಪ್ರೋಗ್ರಾಂ ಬರೆದ ದಿನ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು, ಮೊಬೈಲಿನಿಂದ ಕೇಳಿದರೆ ಸಹಾಯಕ ಮೌನ. ಲೋಕಲ್‌ಹೋಸ್ಟ್ ವಿಳಾಸ ಆ ಯಂತ್ರದ ಒಳಗಷ್ಟೇ ಸಲ್ಲುವುದು, ಹೊರಗಿನವರ ಕರೆ ಅಲ್ಲಿಗೆ ತಲುಪುವುದಿಲ್ಲ. ‘ಕೂಗಳತೆಯಲ್ಲಿ ಇಲ್ಲ’ ಎಂದು ಹೇಳಿದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಪ್ರೋಗ್ರಾಮನ್ನು ಸಹಾಯಕದ ಕೂಗಳತೆಗೆ ತಂದು ಕೂರಿಸುವುದೇ ಡಿಪ್ಲಾಯ್. ಹಗಲು ರಾತ್ರಿ ಜಾಲದಲ್ಲಿರುವ ಯಂತ್ರವೊಂದರಲ್ಲಿ ಅದನ್ನು ಇಡಬೇಕು, ಅದಕ್ಕೆ ಬೇಕಾದ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಪಟ್ಟಿ ಕೊಡಬೇಕು, ಗುಟ್ಟಿನ ಕೀಲಿಗಳನ್ನು ಕೋಡಿನಲ್ಲಿ ಬರೆಯದೆ ಹೊರಗೆ ಇರಿಸಬೇಕು, ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ) ವಿಳಾಸ ಪಡೆಯಬೇಕು, ಕೊನೆಗೆ ಆ ವಿಳಾಸವನ್ನು ಸಹಾಯಕದ ಹೊಂದಾಣಿಕೆ ಪುಟದಲ್ಲಿ ಅಂಟಿಸಬೇಕು. “ಇದು ಅಪ್‌ಲೋಡ್ ತಾನೇ ಸರ್?” ಎಂದು ಕೇಳಿದವರಿದ್ದಾರೆ. ಅಲ್ಲ. ಫೋಟೋ ಅಪ್‌ಲೋಡ್ ಮಾಡಿದರೆ ಅದು ಬಿದ್ದಿರುತ್ತದೆ, ಡಿಪ್ಲಾಯ್ ಆದದ್ದು ಬದುಕಬೇಕು.

ಕಚೇರಿಗಳಲ್ಲಿ ‘ಡಿಪ್ಲಾಯ್ ಮಾಡು’, ‘ಲೈವ್ ಮಾಡು’ ನಡೆಯುತ್ತದೆ. ಮೂಲದಲ್ಲಿ ಅದು ಮಡಿಕೆ ಬಿಚ್ಚಿ ಹರಡು ಎಂಬ ಅರ್ಥದ ಫ್ರೆಂಚ್ ಪದ, ಇಂಗ್ಲಿಷಿನಲ್ಲಿ ಸೈನ್ಯದ ಮಾತಾಯಿತು. ನಮ್ಮ ಪತ್ರಿಕೆಗಳು ಪೊಲೀಸರ ವಿಷಯದಲ್ಲಿ ‘ನಿಯೋಜನೆ’ ಅನ್ನುತ್ತವೆ, ಸೇನೆಯ ವಿಷಯದಲ್ಲಿ ‘ಜಮಾವಣೆ’. ಕೆಲವು ಅನುವಾದಗಳಲ್ಲಿ ‘ನಿಯೋಜಿಸು’ ಇದೆ. ಅದು ಮನುಷ್ಯರನ್ನು ಕೆಲಸಕ್ಕೆ ಹಚ್ಚುವ ಪದ, ಇಲ್ಲಿ ಒಪ್ಪುವುದಿಲ್ಲ. ‘ನೆಲೆಗೊಳಿಸು’ ತಪ್ಪಿಲ್ಲ, ಆದರೆ ಅದರಲ್ಲಿ ಕಾಯಂ ಎಂಬ ಭಾವ ಇದೆ. ನಾವು ಇರುವುದು ಬಾಡಿಗೆಯ ಜಾಗದಲ್ಲಿ.

ಬಾಡಿಗೆ ಅಂದಾಗ ‘ಒಕ್ಕಲು’ ನೆನಪಾಯಿತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ‘ಮನೆಯೊಕ್ಕಲು’ ಅನ್ನುತ್ತಾರೆ. ಕಟ್ಟಿದ ಮನೆಗೆ ಜೀವ ಬರುವ ದಿನ ಅದು. ‘ವೆಬ್‌ಹುಕ್ಕನ್ನು ಒಕ್ಕಲು ಮಾಡಿದೆವು’ ಎಂದರೆ ಬರೆದು ಮುಗಿಸಿದ ಪ್ರೋಗ್ರಾಂ ತನ್ನ ಜಾಗಕ್ಕೆ ಹೋಗಿ ಬದುಕಲು ತೊಡಗಿತು ಎಂದಾಗುತ್ತದೆ. ಒಕ್ಕಲು ಅಂದರೆ ಗೇಣಿದಾರನೂ ಹೌದು. ಜಾಗ ಬೇರೆಯವರದು, ಬಳಸಿದಷ್ಟಕ್ಕೆ ಗೇಣಿ, ಒಳಗಿನ ದುಡಿಮೆ ನಮ್ಮದು. ಕ್ಲೌಡ್ ಹೋಸ್ಟಿಂಗಿನ ವ್ಯವಹಾರ ಇಷ್ಟೇ. ‘ಹೋಸ್ಟಿಂಗ್’ಗೆ ‘ಆತಿಥ್ಯ’ ಎಂದು ಬರೆದದ್ದನ್ನೂ ನೋಡಿದ್ದೇನೆ, ಆದರೆ ಆತಿಥ್ಯಕ್ಕೆ ನಮ್ಮಲ್ಲಿ ಯಾರೂ ತಿಂಗಳ ಬಿಲ್ಲು ಕೊಡುವುದಿಲ್ಲ.

ಇಲ್ಲೇ ನನಗೆ ಅಳುಕು ಇದೆ. ನಾನಿರುವ ಈ ತಾಲ್ಲೂಕಿನಲ್ಲೇ ಗೇಣಿದಾರರು ಭೂಮಾಲೀಕರ ವಿರುದ್ಧ ಹೂಡಿದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು. ಒಡೆಯ–ಒಕ್ಕಲು ಎಂಬ ಜೋಡಿ ಮಾತು ಇಲ್ಲಿ ಬರೀ ಪದವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತಾಗ ಊರು ಬಿಟ್ಟು ಬಂದವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ‘ಒಕ್ಕಲು ಮಾಡು’ ಎಂದು ಬಳಸಿದರೆ, ಪ್ರೋಗ್ರಾಮನ್ನು ತೆಗೆದುಹಾಕುವುದಕ್ಕೆ ‘ಒಕ್ಕಲೆಬ್ಬಿಸು’ ತಾನಾಗಿ ಬಂದುಬಿಡುತ್ತದೆ. ನಾವು ಬಳಸುತ್ತಿದ್ದ ಒಂದು ಉಚಿತ ಜಾಗ ಮುಚ್ಚಿಹೋದಾಗ ಒಬ್ಬ ಹುಡುಗ ಈ ಮಾತು ಹೇಳಿಯೂಬಿಟ್ಟ, ಪಕ್ಕದಲ್ಲಿದ್ದವನು ತಲೆ ತಗ್ಗಿಸಿದ. ಕೈಪಿಡಿಯಲ್ಲಿ ತೆಗೆದುಹಾಕುವುದಕ್ಕೆ ‘ತೆರವು’ ಎಂದು ಬರೆಯುತ್ತೇನೆ, ಅದು ನಿಶ್ಚಯ. ‘ಒಕ್ಕಲು ಮಾಡು’ ಉಳಿಸಿಕೊಳ್ಳಲೋ ಬಿಡಲೋ ತಿಳಿಯುತ್ತಿಲ್ಲ. ಪರ್ಯಾಯವಾಗಿ ‘ಬಿಡಾರ ಹೂಡು’ ಇದೆ. ಬೇರೆಯವರ ನೆಲ, ಬೇಕಾದಾಗ ಕಿತ್ತು ಮುಂದೆ ಹೋಗಬಹುದು ಎಂಬುದು ಅದರಲ್ಲಿ ಬರುತ್ತದೆ. ಮನೆಯೊಕ್ಕಲಿನ ಸಂಭ್ರಮ ಬರುವುದಿಲ್ಲ.

‘ಕ್ಲೌಡ್’ ಅನ್ನು ಹಾಗೆಯೇ ಬಿಟ್ಟಿದ್ದೇನೆ. ಜಾಲದ ನಕ್ಷೆ ಬರೆಯುವಾಗ ಒಳವಿವರ ಬೇಡವಾದ ಭಾಗಕ್ಕೆ ಮೋಡದ ಚಿತ್ರ ಹಾಕುತ್ತಿದ್ದರು, ಹೆಸರಿನ ಹಿಂದೆ ಆ ರೂಢಿ ಇದೆ. ‘ಮೋಡ’ ಎಂದರೆ ಮಕ್ಕಳು ಆಕಾಶ ನೋಡುತ್ತಾರೆ. ‘ಮುಗಿಲು’ ಎಂದರೆ ಧಾರವಾಡದ ಕಡೆಯವರಿಗೆ ಆಕಾಶವೇ. ನಮ್ಮ ಪ್ರೋಗ್ರಾಂ ಇರುವುದು ಮುಂಬೈಯ ಕಟ್ಟಡವೊಂದರಲ್ಲಿ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಅಲ್ಲಿ ತಮ್ಮ ಕ್ಲೌಡ್ ಕೇಂದ್ರ ತೆರೆದವು. ನೆಲದ ಮೇಲಿನ ಜಾಗ ಅದು ಎಂಬುದು ಮಕ್ಕಳ ಮನಸ್ಸಿನಲ್ಲಿರಲಿ ಎಂದು ನನ್ನ ಆಸೆ.

ಉಳಿದ ಪದಗಳಲ್ಲಿ ‘ಟೈಮ್‌ಔಟ್’ಗೆ ‘ಗಡುವು ಮೀರಿತು’ ಎಂದಿದ್ದೇನೆ. ಧ್ವನಿ ಸಹಾಯಕ ಕಟ್ಟಲು ಬಳಸುವ ಗೂಗಲಿನ ಡೈಲಾಗ್‌ಫ್ಲೋ ಇಎಸ್ ಓಗೊಡಲು ಕೊಡುವ ಗಡುವು 5 ಸೆಕೆಂಡು, ಅಲೆಕ್ಸಾದ್ದು 8. ಬಹಳ ಹೊತ್ತು ಯಾರೂ ಕರೆಯದಿದ್ದರೆ ಅಗ್ಗದ ಜಾಗಗಳಲ್ಲಿ ಪ್ರೋಗ್ರಾಂ ನಿದ್ದೆಗೆ ಜಾರುತ್ತದೆ, ಎದ್ದು ಓ ಅನ್ನುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಈ ‘ಕೋಲ್ಡ್ ಸ್ಟಾರ್ಟ್’ಗೆ ‘ಎಚ್ಚರದ ತಡ’ ಎಂದು ಬರೆದೆ, ಒಪ್ಪಿತೇ ಹೇಳಿ. ‘ಲಾಗ್’ಗೆ ‘ಕಿರ್ದಿ’ ಎಂಬುದು ನನಗೆ ತುಂಬಾ ಇಷ್ಟವಾದ ಆಯ್ಕೆ. ಮಂಡಿಯಲ್ಲಿ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆದಿಡುವ ಪುಸ್ತಕ ಕಿರ್ದಿ. ಲಾಗ್ ಮಾಡುವುದೂ ಅದನ್ನೇ. ಅಡಿಕೆಯ ಇನ್ನೊಂದು ಬಗೆಯಾದ ‘ಬೆಟ್ಟೆ’ಯನ್ನು ಕೇಳಿದವರಿಗೆ ಉತ್ತರ ಯಾಕೆ ಸಿಗಲಿಲ್ಲ ಎಂದು ಕಿರ್ದಿ ತೆಗೆದು ನೋಡಿದಾಗ, ಯಂತ್ರ ಅದನ್ನು ‘ಬಟ್ಟೆ’ ಎಂದು ಬರೆದುಕೊಂಡದ್ದು ಸಿಕ್ಕಿತು. ಇವತ್ತಿನ ಹುಡುಗರಿಗೆ ಕಿರ್ದಿ ಗೊತ್ತಿಲ್ಲ ಎಂಬ ಮಾತು ನಿಜ. ಅಡಿಕೆ ಮಂಡಿಯ ಮನೆಗಳಿಂದ ಬಂದ ಇಬ್ಬರಿಗೆ ಗೊತ್ತಿತ್ತು, ಅವರೇ ಉಳಿದವರಿಗೆ ಹೇಳಿದರು.

ಬಳಗದಿಂದ ನನಗೆ ಬೇಕಾದ್ದು ಎರಡು. ‘ಓಗೊಡು’ವಿನ ನಾಮರೂಪ ನಿಮ್ಮ ಕಡೆ ಮಾತಿನಲ್ಲಿ ಯಾವುದಾದರೂ ಇದೆಯೇ? ಹಳೆಯ ಬರಹಗಳಲ್ಲಿ ಕಂಡದ್ದಿದ್ದರೂ ತಿಳಿಸಿ. ಎರಡನೆಯದಾಗಿ, ಬಯಲುಸೀಮೆ ಮತ್ತು ಉತ್ತರ ಕರ್ನಾಟಕದವರು ‘ಒಕ್ಕಲು’ ಅಂದಾಗ ಮೊದಲು ಏನು ನೆನೆಯುತ್ತೀರಿ, ಹೊಸ ಮನೆಯನ್ನೋ, ಬೇಸಾಯವನ್ನೋ, ಗೇಣಿಯನ್ನೋ? ಕೈಪಿಡಿಯ ಆ ಅಧ್ಯಾಯವನ್ನು ನಿಮ್ಮ ಉತ್ತರ ಬರುವವರೆಗೆ ತಡೆದಿಟ್ಟಿದ್ದೇನೆ.