ದೊಡ್ಡಮ್ಮನ ಟ್ರಂಕಿನಲ್ಲಿ ಸಿಕ್ಕ ಹಳೇ ಔಷಧಿ ಚೀಟಿಗಳು: ಹೊಸ ಮಾತ್ರೆ ಅಂದರೆ ಒಳ್ಳೇ ಮಾತ್ರೆ ಅಂತಾನಾ?

ಮಧುಗಿರಿ ಮನೆಮಗಳು

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಗೆ ಸುಣ್ಣ ಹೊಡೆಸೋಣ ಅಂತ ಅಟ್ಟದಿಂದ ದೊಡ್ಡಮ್ಮನ ಟ್ರಂಕು ಇಳಿಸಿದೆವು. ಸೀರೆಗಳ ಕೆಳಗೆ ಒಂದು ಕವರಿನಲ್ಲಿ ಅವರ ಔಷಧಿ ಚೀಟಿಗಳೆಲ್ಲ ಇದ್ದವು, 1978ರಿಂದ ಮೊನ್ನೆಮೊನ್ನೆಯವರೆಗೂ. ತಾತ ಇರುವವರೆಗೆ ಅವರೇ ಜೋಡಿಸಿ ಇಡುತ್ತಿದ್ದರು, ಆಮೇಲೆ ಅಮ್ಮ.

ದೊಡ್ಡಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಹುಟ್ಟುವಂಥ ಮನೋರೋಗ. 24ನೇ ವಯಸ್ಸಿಗೆ ಶುರುವಾಯಿತು, ಈಗ 70 ದಾಟಿದೆ. ಮೊದಲು ಗಾಳಿ ಸೋಕಿದೆ ಅಂತ ಒಂದು ವರ್ಷ ತಾಯತ, ಮಂತ್ರ ಅಂತ ಅಲೆದಾಡಿ, ಕೊನೆಗೆ ತಾತ ಬೆಂಗಳೂರಿಗೆ ಕರೆದುಕೊಂಡು ಹೋದರಂತೆ.

ಚೀಟಿಗಳನ್ನು ವರ್ಷದ ಪ್ರಕಾರ ನೆಲದ ಮೇಲೆ ಹರಡಿ ನೋಡಿದೆ. 1978ರಲ್ಲಿ ಕ್ಲೋರ್‌ಪ್ರೊಮಝಿನ್ 100, ದಿನಕ್ಕೆ ಮೂರು. 1986ರಿಂದ ಹ್ಯಾಲೊಪೆರಿಡಾಲ್ 5, ದಿನಕ್ಕೆ ಎರಡು, ಜೊತೆಗೆ ಟ್ರೈಹೆಕ್ಸಿಫೆನಿಡಿಲ್. ಆಮೇಲೆ ಕೆಲವು ವರ್ಷ ತಿಂಗಳಿಗೊಂದು ಸೂಜಿ, ಫ್ಲುಫೆನಝಿನ್ ಅಂತ ಬರೆದಿದೆ. 2003ರಲ್ಲಿ ರಿಸ್ಪೆರಿಡೋನ್. 2011ರಿಂದ ಈಗಿನವರೆಗೆ ಒಲಾಂಜಪೈನ್ 10, ರಾತ್ರಿ ಒಂದು.

ನನ್ನ ಪ್ರಶ್ನೆ ಇಷ್ಟು. ಡೋಸ್ 300ರಿಂದ 10ಕ್ಕೆ ಇಳಿದಿದೆಯಲ್ಲ, ಕಾಯಿಲೆ ಅಷ್ಟು ಕಡಿಮೆಯಾಗಿತ್ತು ಅಂತಾನಾ? ಅಮ್ಮ ಹೇಳುವ ಪ್ರಕಾರ 80ರ ದಶಕದಲ್ಲಿ ದೊಡ್ಡಮ್ಮನ ಮುಖದಲ್ಲಿ ನಗು ಅನ್ನೋದೇ ಇರಲಿಲ್ಲ, ಕೈ ನಡುಗುತ್ತಿತ್ತು, ಮರದ ಗೊಂಬೆ ಹಾಗೆ ನಡೆಯುತ್ತಿದ್ದರು. ಈಗ ನಡುಕ ಇಲ್ಲ, ನಗುತ್ತಾರೆ, ಮೊಮ್ಮಕ್ಕಳಿಗೆ ತಲೆ ಬಾಚುತ್ತಾರೆ. ಆದರೆ ತುಂಬಾ ದಪ್ಪ ಆಗಿದ್ದಾರೆ, ಹೋದ ತಿಂಗಳು ಶುಗರ್ ಬಂದಿದೆ ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿರುವ ನಮ್ಮಣ್ಣ "ಇದೂ ಹಳೇ ಮಾತ್ರೆ, ಲೇಟೆಸ್ಟ್ ಯಾವುದಿದೆ ಕೇಳು" ಅನ್ನುತ್ತಾನೆ. ಗೊತ್ತಿರುವವರು ದಯವಿಟ್ಟು ಹೇಳಿ.

ಕೋಲಾರದ ಮೆಡಿಕಲ್ ಶಾಪ್

ನಿಮ್ಮ ತಾತ ಮಾಡಿದ್ದು ಬಹಳ ದೊಡ್ಡ ಕೆಲಸ ತಾಯಿ. ಆ ಚೀಟಿಗಳನ್ನು ಬಿಸಾಡಬೇಡಿ. ನಾನು 1983ರಿಂದ ಅಂಗಡಿಯಲ್ಲಿ ನಿಂತವನು, ನೀವು ಬರೆದ ಮಾತ್ರೆಗಳೆಲ್ಲ ಇದೇ ಕ್ರಮದಲ್ಲಿ ನನ್ನ ಕೈಯಲ್ಲೂ ಬಂದು ಹೋಗಿವೆ.

ಮೊದಲು ಡೋಸ್ ವಿಷಯ. 300 ಇದ್ದದ್ದು 10 ಆಯಿತು ಅಂದರೆ ಔಷಧಿ ಕಡಿಮೆಯಾಯಿತು ಅಂತ ಅಲ್ಲ. ಒಂದೊಂದು ಮಾತ್ರೆಯ ಶಕ್ತಿ ಒಂದೊಂದು ತರ. 100 ಮಿಲಿಗ್ರಾಂ ಕ್ಲೋರ್‌ಪ್ರೊಮಝಿನ್ ಮಾಡುವ ಕೆಲಸವನ್ನು ಹ್ಯಾಲೊಪೆರಿಡಾಲ್ ಸುಮಾರು 2 ಮಿಲಿಗ್ರಾಮಿನಲ್ಲಿ ಮಾಡುತ್ತದೆ. ಆ ಲೆಕ್ಕದಲ್ಲಿ ನಿಮ್ಮ ದೊಡ್ಡಮ್ಮನಿಗೆ 1986ರಲ್ಲಿ ಔಷಧಿ ಜಾಸ್ತಿಯೇ ಆಗಿತ್ತು. ನಡುಕ ಬಂದದ್ದು ಅದಕ್ಕೇ ಇರಬಹುದು.

ಕ್ಲೋರ್‌ಪ್ರೊಮಝಿನ್ ಹುಟ್ಟಿದ್ದು ಫ್ರಾನ್ಸಿನಲ್ಲಿ. ಆಪರೇಷನ್ ಮುಂಚೆ ರೋಗಿಯನ್ನು ಶಾಂತವಾಗಿ ಇಡುವುದಕ್ಕೆ ಬಳಸಿ ನೋಡುತ್ತಿದ್ದರು. 1952ರಲ್ಲಿ ಪ್ಯಾರಿಸ್‌ನ ಡಿಲೇ ಮತ್ತು ಡೆನಿಕರ್ ಅನ್ನುವ ವೈದ್ಯರು ಮನೋರೋಗಿಗಳಿಗೆ ಕೊಟ್ಟರು. ಅದಕ್ಕೆ ಮುಂಚೆ ಏನಿತ್ತು ಹೇಳಿ? ಬೀಗ, ಸರಪಳಿ, ತಣ್ಣೀರು, ಕರೆಂಟು. ಹಾಗಾಗಿ ಆ ಮಾತ್ರೆಯನ್ನು ಕೆಟ್ಟದ್ದು ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಹ್ಯಾಲೊಪೆರಿಡಾಲ್ ಬಂದದ್ದು 1958ರಲ್ಲಿ, ಬೆಲ್ಜಿಯಂನ ಪಾಲ್ ಜಾನ್ಸನ್ ಕಂಡುಹಿಡಿದದ್ದು. ಎರಡೂ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಕೈಕಾಲು ಸಲೀಸಾಗಿ ಆಡಬೇಕು ಅಂದರೂ ಅದೇ ಡೋಪಮೈನ್ ಬೇಕು, ಅದಕ್ಕೇ ಬಿಗಿತ, ನಡುಕ. ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿದ್ದು ಆ ನಡುಕಕ್ಕೆ, ಕಾಯಿಲೆಗಲ್ಲ.

ತಿಂಗಳ ಸೂಜಿ ಅಂದಿರಲ್ಲ, ಅದರಲ್ಲಿ ಔಷಧಿಯನ್ನು ಎಳ್ಳೆಣ್ಣೆಯಲ್ಲಿ ಬೆರೆಸಿರುತ್ತಾರೆ. ಎಣ್ಣೆ ನಿಧಾನವಾಗಿ ಕರಗುತ್ತಾ ಎರಡರಿಂದ ನಾಲ್ಕು ವಾರ ಔಷಧಿ ಬಿಡುತ್ತಾ ಇರುತ್ತದೆ. ದಿನಾ ಮಾತ್ರೆ ನುಂಗಿಸಲು ಆಗದ ಮನೆಗಳಿಗೆ ಅದು ವರ ಆಗಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಇವೆಲ್ಲ ಬರುವ ಮುಂಚೆಯೇ, 1931ರಲ್ಲಿ, ಕಲ್ಕತ್ತಾದಲ್ಲಿ ಸೇನ್ ಮತ್ತು ಬೋಸ್ ಅನ್ನುವ ಇಬ್ಬರು ವೈದ್ಯರು ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಮನೋರೋಗಕ್ಕೂ ಕೆಲಸ ಮಾಡುತ್ತದೆ ಅಂತ ಬರೆದಿದ್ದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು, ಅಮೆರಿಕದ ಆಸ್ಪತ್ರೆಗಳಲ್ಲೂ ಕೊಟ್ಟರು. ಕೆಲವರಿಗೆ ಬಿಪಿ ಇಳಿದು, ಮನಸ್ಸು ಕುಗ್ಗುತ್ತದೆ ಅಂತ ದೂರು ಬಂದು, ಮನೋರೋಗಕ್ಕೆ ಬಳಸುವುದು ನಿಂತುಹೋಯಿತು. ಇದನ್ನು ಓದಿ ಯಾರೂ ಬೇರು ಅರೆದು ಕುಡಿಸಬೇಡಿ, ಕೈ ಮುಗಿಯುತ್ತೇನೆ.

ಚಿಂತಾಮಣಿ ಓದುಗ

ನಾನು ಎಸ್ಸಿಟಲೊಪ್ರಾಮ್ ತಗೊಳ್ಳುತ್ತಿದ್ದೇನೆ, ಖಿನ್ನತೆಗೆ. ನಮ್ಮಜ್ಜಿಗೆ ಅದೇ ಕಾಯಿಲೆಗೆ ಅಮಿಟ್ರಿಪ್ಟಿಲಿನ್ ಕೊಡುತ್ತಿದ್ದರಂತೆ. ಅದು ಯಾಕೆ ಹೋಯಿತು?

ಕೋಲಾರದ ಮೆಡಿಕಲ್ ಶಾಪ್

ಹೋಗಿಲ್ಲ ಸರ್, ಕೆಲಸ ಬದಲಾಯಿಸಿಕೊಂಡಿದೆ. ಈಗಲೂ ದಿನಾ ಮಾರುತ್ತೇನೆ. 10 ಮಿಲಿಗ್ರಾಂ ಬಂದರೆ ಹೆಚ್ಚಾಗಿ ಮೈಗ್ರೇನಿಗೋ ನರದ ನೋವಿಗೋ ಬರೆದಿರುತ್ತಾರೆ. ಜನ ಮೊಬೈಲಿನಲ್ಲಿ ಹೆಸರು ಹುಡುಕಿ "ನನಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ" ಅಂತ ವಾಪಸ್ ತರುತ್ತಾರೆ, ಕೂರಿಸಿ ಹೇಳಬೇಕಾಗುತ್ತದೆ.

ಆ ಗುಂಪಿನ ಮೊದಲನೆಯದು ಇಮಿಪ್ರಮಿನ್, 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ ತೋರಿಸಿಕೊಟ್ಟದ್ದು. ಖಿನ್ನತೆಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆ, ತೂಕಡಿಕೆ. ಡೋಸ್ ಮೀರಿದರೆ ಹೃದಯಕ್ಕೇ ಅಪಾಯ. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲುಒಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕಿತು, ಆಮೇಲೆ ಸರ್ಟ್ರಾಲಿನ್, 2002ರಲ್ಲಿ ನಿಮ್ಮದು. ಇವು ಆ ವಿಷಯದಲ್ಲಿ ಎಷ್ಟೋ ಸುರಕ್ಷಿತ. ಅದಕ್ಕೇ ಸಾಮಾನ್ಯ ವೈದ್ಯರೂ ಧೈರ್ಯವಾಗಿ ಬರೆಯಲು ಶುರು ಮಾಡಿದರು.

ನನಗೆ ಬೇಜಾರಿರುವುದು ನಿದ್ದೆ ಮಾತ್ರೆಗಳ ಬಗ್ಗೆ. ಡಯಾಜೆಪಾಮ್ 1963ರದ್ದು, ಅಲ್ಪ್ರಾಜೊಲಾಮ್ 1981ರದ್ದು. ಅಭ್ಯಾಸ ಆಗುವುದಿಲ್ಲ ಅಂತ ನಂಬಿಸಿ ವರ್ಷಗಟ್ಟಲೆ ಕೊಟ್ಟರು. ನಾವೂ ಹಳೇ ಚೀಟಿಗೆ, ಎಷ್ಟೋ ಸಲ ಚೀಟಿ ಇಲ್ಲದೆಯೂ ಕೊಟ್ಟೆವು. ಅದು ತಪ್ಪು, ಒಪ್ಪಿಕೊಳ್ಳುತ್ತೇನೆ. 2014ರ ಮಾರ್ಚಿನಿಂದ ಸರ್ಕಾರದ ಎಚ್1 ಪಟ್ಟಿ ಬಂತು, ಈ ಮಾತ್ರೆಗಳೂ ಅದರಲ್ಲಿವೆ. ಈಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅಂತ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿ ಇಲ್ಲ ಅಂದರೆ ಇಲ್ಲ. ಆದರೆ ವರ್ಷಗಟ್ಟಲೆ ತಗೊಂಡವರು ಒಂದೇ ದಿನ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು.

ತುಮಕೂರು ಸಿಸ್ಟರ್

ನಾನು ಮನೋರೋಗ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮಧುಗಿರಿಯವರೇ, ನಿಮ್ಮಣ್ಣನ ಮಾತಿಗೆ ಉತ್ತರ ಕೊಡುತ್ತೇನೆ.

ರಿಸ್ಪೆರಿಡೋನ್ 1993ರದ್ದು, ಒಲಾಂಜಪೈನ್ 1996ರದ್ದು. ಬಂದಾಗ ಎಲ್ಲರೂ ಹಳೆಯದಕ್ಕಿಂತ ಇವು ಎಷ್ಟೋ ಮೇಲು ಅಂದುಕೊಂಡರು. ಅಮೆರಿಕದಲ್ಲಿ 1,400ಕ್ಕೂ ಹೆಚ್ಚು ರೋಗಿಗಳ ಮೇಲೆ ಕೇಟಿ ಅನ್ನುವ ಅಧ್ಯಯನ ನಡೆಯಿತು, ಫಲಿತಾಂಶ 2005ರಲ್ಲಿ ಬಂತು. ಅದರಲ್ಲಿ ಪರ್ಫೆನಝಿನ್ ಅನ್ನುವ ಹಳೇ ಮಾತ್ರೆ ಹೊಸವುಗಳಲ್ಲಿ ಹೆಚ್ಚಿನವಕ್ಕೆ ಸಮಸಮ ನಿಂತಿತು. ಒಲಾಂಜಪೈನ್ ತಗೊಂಡವರು ಸ್ವಲ್ಪ ಜಾಸ್ತಿ ದಿನ ಮುಂದುವರಿಸಿದರು, ಆದರೆ ತೂಕ, ಶುಗರ್ ತೊಂದರೆ ಅದರಲ್ಲೇ ಜಾಸ್ತಿ. 18 ತಿಂಗಳೊಳಗೆ ಸುಮಾರು 74% ಜನ ಕೊಟ್ಟ ಮಾತ್ರೆಯನ್ನು ಬಿಟ್ಟಿದ್ದರು, ಹಳೆಯದೋ ಹೊಸದೋ. ಅಂದರೆ ನಡುಕ ಹೋಗಿ ಶುಗರ್ ಬಂದಿದೆ. ನಿಮ್ಮ ಮನೆಯ ಚೀಟಿಗಳಲ್ಲಿ ಕಾಣುತ್ತಿರುವುದೂ ಅದೇ.

ಕ್ಲೋಜಪೈನ್ ನೋಡಿ. 1970ರ ದಶಕದ ಮಾತ್ರೆ. 1975ರಲ್ಲಿ ಫಿನ್‌ಲ್ಯಾಂಡಿನಲ್ಲಿ ಬಿಳಿ ರಕ್ತಕಣ ಕುಸಿದು 8 ಜನ ತೀರಿಕೊಂಡರು, ಔಷಧಿ ಮೂಲೆಗೆ ಹೋಯಿತು. 1988ರಲ್ಲಿ ಬೇರೆ ಯಾವುದಕ್ಕೂ ಬಗ್ಗದ ರೋಗಿಗಳಿಗೆ ಅದೇ ಕೆಲಸ ಮಾಡಿತು ಅಂತ ಗೊತ್ತಾಗಿ ವಾಪಸ್ ಬಂತು. ಈಗಲೂ ಅಂಥವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಮೊದಮೊದಲು ವಾರವಾರ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾ ಕೊಡುತ್ತೇವೆ.

ಒಂದು ಪ್ರಶ್ನೆ. ದೊಡ್ಡಮ್ಮನ ತುಟಿ, ನಾಲಿಗೆ, ದವಡೆ ಸುಮ್ನೆ ಆಡುತ್ತಿರುತ್ತವಾ?

ಮಧುಗಿರಿ ಮನೆಮಗಳು

ಸಿಸ್ಟರ್, ಓದಿ ಮೈ ಜುಂ ಅಂತು. ಹೌದು, ಬಾಯಿ ಯಾವಾಗಲೂ ಅಗಿಯುತ್ತಾ ಇರುತ್ತದೆ. ಎಲೆ ಅಡಿಕೆ ಹಾಕುವ ಅಭ್ಯಾಸ ಅಲ್ವಾ, ಅದಕ್ಕೇ ಅಂದುಕೊಂಡಿದ್ದೆವು. ಆದರೆ ಎಲೆ ಅಡಿಕೆ ಬಿಟ್ಟು ನಾಲ್ಕು ವರ್ಷ ಆಯಿತು.

ತುಮಕೂರು ಸಿಸ್ಟರ್

ಅದು ಎಲೆ ಅಡಿಕೆಯದಲ್ಲ ಅನ್ನಿಸುತ್ತದೆ. ಈ ಮಾತ್ರೆಗಳನ್ನು, ಅದರಲ್ಲೂ ಹಳೆಯವನ್ನು, ವರ್ಷಗಟ್ಟಲೆ ತಗೊಂಡವರಲ್ಲಿ ಹೀಗೆ ಆಗುತ್ತದೆ. ಟಾರ್ಡಿವ್ ಡಿಸ್ಕೈನೇಸಿಯಾ ಅನ್ನುತ್ತಾರೆ. ವಯಸ್ಸಾದ ಹೆಂಗಸರಲ್ಲಿ ಜಾಸ್ತಿ. ಮನೆಯವರು ಯಾರೂ ಹೇಳುವುದಿಲ್ಲ, ನಾವೂ ಎಷ್ಟೋ ಸಲ ಕೇಳುವುದಿಲ್ಲ. ಭಯ ಬೇಡ, ಡಾಕ್ಟರಿಗೆ ತೋರಿಸಿ. ಹಳೇ ಟ್ರೈಹೆಕ್ಸಿಫೆನಿಡಿಲ್ ಮನೆಯಲ್ಲಿ ಉಳಿದಿದ್ದರೆ ನಡುಕದ ಮಾತ್ರೆ ಅಂತ ಕೊಡಬೇಡಿ, ಇದಕ್ಕೆ ಅದು ಕೆಲಸ ಮಾಡುವುದಿಲ್ಲ, ಜಾಸ್ತಿಯೂ ಮಾಡಬಹುದು.

ಶುಗರ್ ವಿಷಯ ಹೇಳಿ, ತೂಕ ಕಡಿಮೆ ಏರಿಸುವ ಮಾತ್ರೆಗೆ ಬದಲಾಯಿಸಬಹುದಾ ಕೇಳಿ. ಅರಿಪಿಪ್ರಜೋಲ್ ಅಂಥದ್ದೊಂದು. ಆದರೆ 2011ರಿಂದ ನೆಮ್ಮದಿಯಾಗಿರುವವರಿಗೆ ಮಾತ್ರೆ ಬದಲಾಯಿಸುವುದು ಚಿಕ್ಕ ನಿರ್ಧಾರ ಅಲ್ಲ. ಡಾಕ್ಟರ್ ಬೇಡ ಅಂದು ಶುಗರ್‌ಗೇ ಚಿಕಿತ್ಸೆ ಕೊಟ್ಟರೂ ಅದು ಅಸಡ್ಡೆ ಅಂದುಕೊಳ್ಳಬೇಡಿ.

ಬೆಂಗಳೂರಿಗೇ ಹೋಗಬೇಕು ಅಂತಲೂ ಇಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಕೇಳಿಕೊಂಡು ಹೋಗಿ. ನಮ್ಮ ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲೇ ಗುರುತಿಸಿ ಔಷಧಿ ಕೊಡಿಸುವ ಕೆಲಸ ಮಾಡಿದ್ದಾರೆ. ಮಾತ್ರೆ ಬದಲಾದದ್ದಕ್ಕಿಂತ, ಅದು ಮನೆ ಹತ್ತಿರ ಸಿಗುವ ಹಾಗಾದದ್ದೇ ದೊಡ್ಡ ಬದಲಾವಣೆ ಅಂತ ನಾನು ನಂಬುತ್ತೇನೆ. ಫೋನಿನಲ್ಲಿ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಗೌರಿಬಿದನೂರು ರೈತ

ಲೇಟೆಸ್ಟ್ ಬೇಕು ಅನ್ನುವವರಿಗೆ ನನ್ನ ಕತೆ. ನನಗೆ ಬೈಪೋಲಾರ್, ಮನಸ್ಸು ಕೆಲವು ಕಾಲ ವಿಪರೀತ ಉಬ್ಬಿ, ಕೆಲವು ಕಾಲ ಕುಗ್ಗುವ ಕಾಯಿಲೆ. 1999ರಿಂದ ಲಿಥಿಯಂ ತಗೊಳ್ಳುತ್ತಿದ್ದೇನೆ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಬರೆದದ್ದು, ಕ್ಲೋರ್‌ಪ್ರೊಮಝಿನ್‌ಗಿಂತ ಹಳೆಯದು. ಅದು ಬರೀ ಒಂದು ಉಪ್ಪು, ಯಾರಿಗೂ ಪೇಟೆಂಟ್ ಸಿಗದ ವಸ್ತು. ಅದೇ ನನ್ನನ್ನು ಉಳಿಸಿದೆ. ಹೊಸದಕ್ಕೆ ಬದಲಾಯಿಸಿ ನೋಡಿದರು, ಎರಡೇ ತಿಂಗಳಿಗೆ ಸಾಲ ಮಾಡಿ ಎರಡು ಬೋರ್‌ವೆಲ್ ಕೊರೆಸಿ, ನಿದ್ದೆ ಇಲ್ಲದೆ ಊರೆಲ್ಲ ಸುತ್ತುತ್ತಿದ್ದೆನಂತೆ. ವಾಪಸ್ ಲಿಥಿಯಂಗೇ ಬಂದೆ.

ಆದರೆ ಹುಷಾರಾಗಿರಬೇಕು. ಒಂದು ಬೇಸಿಗೆಯಲ್ಲಿ ಟೊಮೆಟೊ ಕೀಳುವಾಗ ಮಂಡಿ ನೋವು ಅಂತ ಒಂದು ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ತಗೊಂಡೆ, ಒಂದು ವಾರ. ಬೆವರು ಬೇರೆ. ಕೈ ಜೋರಾಗಿ ನಡುಗಿ, ವಾಂತಿ ಆಗಿ, ಮಾತು ತೊದಲಿ ಆಸ್ಪತ್ರೆ ಸೇರಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರದವು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ ಅಂತ ಆಗ ಗೊತ್ತಾಯಿತು. ಈಗ ಲಿಥಿಯಂ ಮಟ್ಟ, ಕಿಡ್ನಿ, ಥೈರಾಯ್ಡ್ ಪರೀಕ್ಷೆ ತಪ್ಪಿಸುವುದಿಲ್ಲ. ಜೇಬಿನಲ್ಲಿ ಚೀಟಿ ಇರುತ್ತದೆ, ಯಾವ ಅಂಗಡಿಗೆ ಹೋದರೂ ಮೊದಲು ಅದನ್ನೇ ತೋರಿಸುತ್ತೇನೆ.

ಮಧುಗಿರಿ ಮನೆಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಇದನ್ನೆಲ್ಲ ಓದಿಸಿದೆ, ಮಂಗಳವಾರ ಅವನೂ ಬರುತ್ತಾನಂತೆ. ಚೀಟಿಗಳನ್ನು ವರ್ಷದ ಪ್ರಕಾರ ಫೈಲ್ ಮಾಡಿದ್ದೇನೆ, ದೊಡ್ಡಮ್ಮನ ಬಾಯಿ ಆಡುವುದನ್ನು ಮೊಬೈಲಿನಲ್ಲಿ ವಿಡಿಯೊ ಕೂಡ ಮಾಡಿದೆ, ಅವರನ್ನು ಕೇಳಿಯೇ. ಸಿಸ್ಟರ್, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂದಿದ್ದಾರೆ, ಹಿಂದಿನ ರಾತ್ರಿ ಒಲಾಂಜಪೈನ್ ಕೊಡಬಹುದಾ?

ತುಮಕೂರು ಸಿಸ್ಟರ್

ಕೊಡಿ, ಒಂದು ರಾತ್ರಿಯೂ ತಪ್ಪಿಸಬೇಡಿ. ಊಟ ಬೇಗ ಮುಗಿಸಿ. ಬೆಳಗ್ಗೆ ನೀರು ಕುಡಿಯಬಹುದು, ಕಾಫಿ ಬೇಡ. ತಿಂಡಿ ಡಬ್ಬಿಯಲ್ಲಿ ಒಯ್ಯಿರಿ, ರಕ್ತ ಕೊಟ್ಟ ಕೂಡಲೇ ಅಲ್ಲೇ ಕೂರಿಸಿ ತಿನ್ನಿಸಿ.